ಹೆಬ್ಬಾಗಿಲಿನ ಒಳಗೆ

ಹಳೆಯ ಮನೆಯೊಂದು ಮಾರಾಟಕ್ಕಿದೆ ಎಂಬ ಸುದ್ದಿಯನ್ನು ನನಗೆ ತಂದವನು ನನ್ನ ಅಳಿಯ. ಪುಣೆಯಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವನು; ಕುಳಿತಲ್ಲಿಂದಲೇ ಲೋಕವನ್ನೆಲ್ಲ ಸುತ್ತಿ ಬರುವವನು. ಒಂದು ರಾತ್ರಿ ಊಟವಾದ ಮೇಲೆ ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿದು, “ಮಾವ, ಇದು ನಿಮ್ಮ ಕಡೆಯದಲ್ಲವೆ?” ಎಂದ. ಕನ್ನಡಕ ಏರಿಸಿ ನೋಡಿದೆ. “ಇನ್ನೂರು ವರ್ಷ ಹಳೆಯ, ಸಂಪೂರ್ಣ ಜೀರ್ಣೋದ್ಧಾರಗೊಂಡ ತೊಟ್ಟಿಮನೆ, ಎರಡೂವರೆ ಎಕರೆ ತೋಟ ಸಹಿತ” ಎಂಬ ಒಕ್ಕಣೆ. ಕೆಳಗೆ ಇಪ್ಪತ್ತು ಚಿತ್ರಗಳು. ಏಳನೆಯ ಚಿತ್ರದಲ್ಲಿ ಹೆಬ್ಬಾಗಿಲು. ಅದರ ಮೇಲಡ್ಡೆಯಲ್ಲಿ ಕೆತ್ತಿದ ಎರಡು ಗಿಳಿಗಳು. ಬಲಗಡೆಯ ಗಿಳಿಗೆ ಕೊಕ್ಕಿಲ್ಲ.

ಆ ಕೊಕ್ಕಿಲ್ಲದ ಗಿಳಿಯನ್ನು ನಾನು ಬಲ್ಲೆ. ಎಂಟು ವರ್ಷದ ಹುಡುಗನಾಗಿದ್ದಾಗ, 1970ರ ಬೇಸಿಗೆಯ ರಜೆಯಲ್ಲಿ, ಅದನ್ನೇ ನೋಡುತ್ತ ಅರ್ಧ ದಿನ ಬಿಸಿಲಿನಲ್ಲಿ ನಿಂತಿದ್ದೆ. ಅದು ನಮ್ಮಜ್ಜನ ಧಣಿಗಳ ಮನೆ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾರಾಟದ ವಿಷಯ; ಯಾರಿಗೂ ತೊಂದರೆಯಾಗಬಾರದು. ಕುಂದಾಪುರದಿಂದ ಮೂಡಲಿಗೆ, ವಾರಾಹಿ ಹೊಳೆಯ ಸೀಮೆಯಲ್ಲಿ, ಘಟ್ಟದ ಬುಡಕ್ಕೆ ಹತ್ತಿರದ ಊರು ಎಂದರೆ ಸಾಕು. ನಮ್ಮಜ್ಜ ಅಲ್ಲಿ ಚಾಲಗೇಣಿಯ ಒಕ್ಕಲು. ಇಂದಿನ ಮಕ್ಕಳಿಗೆ ಈ ಮಾತು ತಿಳಿಯದು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ. ಮೂಲಗೇಣಿಯವನಿಗೆ ಭೂಮಿ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತಿತ್ತು, ಗೇಣಿಯೂ ಗೊತ್ತಾಗಿರುತ್ತಿತ್ತು. ಚಾಲಗೇಣಿಯವನು ಧಣಿಗಳ ಮರ್ಜಿ ಇರುವವರೆಗೆ ಮಾತ್ರ. ಮುಂದಿನ ವರ್ಷ ಗದ್ದೆ ತನ್ನದೇ, ಬೇರೆಯವನದೇ ಎಂಬುದು ಅವನಿಗೇ ಗೊತ್ತಿಲ್ಲ. ಗೇಣಿ ಸಲ್ಲುತ್ತಿದ್ದುದು ಅಕ್ಕಿಯ ಮುಡಿಯಲ್ಲಿ. ಹುಲ್ಲಿನಿಂದ ಬಿಗಿದು, ದೊಡ್ಡ ಕುಂಬಳಕಾಯಿಯಂತೆ ಕಟ್ಟಿದ 42 ಸೇರಿನ ಮುಡಿಯನ್ನು ಅಜ್ಜ ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಅಂದು ನಾನೂ ಹಿಂದೆ ಹೋಗಿದ್ದೆ. ಮುಡಿ ಬಿಚ್ಚಿ ಅಂಗಳದಲ್ಲಿ ಅಳೆದರು. ಅಜ್ಜ ಅಂಗಳದಲ್ಲಿ, ಧಣಿಗಳು ಜಗಲಿಯಲ್ಲಿ, ನಾನು ಹೆಬ್ಬಾಗಿಲಿನ ಹೊರಗೆ. ಮಧ್ಯಾಹ್ನ ಹಟ್ಟಿಯ ಪಕ್ಕದಲ್ಲಿ ಹಾಳೆಯಲ್ಲಿ ಗಂಜಿ ಕೊಟ್ಟರು. ಒಳ್ಳೆಯ ಗಂಜಿ, ಉಪ್ಪಿನಕಾಯಿಯೂ ಇತ್ತು. ಸುಳ್ಳು ಹೇಳಬಾರದು.

ಇಂಥ ಮನೆಯನ್ನು ನಾನು ಕೊಳ್ಳಬಹುದೆಂಬ ಯೋಚನೆ ಬಂದದ್ದೇ ಒಂದು ವಿನೋದ. ನನ್ನ ತಂದೆ ಹದಿಮೂರನೆಯ ವಯಸ್ಸಿನಲ್ಲಿ, 1955ರಲ್ಲಿ, ಘಟ್ಟ ಹತ್ತಿ ಶಿವಮೊಗ್ಗೆಗೆ ಬಂದು ಅಲ್ಲಿಂದ ರೈಲಿನಲ್ಲಿ ಮುಂಬಯಿ ಸೇರಿದವರು. ಮಾಟುಂಗದ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಈ ಪತ್ರಿಕೆಯ ಓದುಗರಲ್ಲಿ ಅರ್ಧದಷ್ಟು ಮನೆಗಳ ಕಥೆ ಇದೇ ಆದ್ದರಿಂದ ಬೆಳೆಸುವುದಿಲ್ಲ. ಈಗ ಡೊಂಬಿವಲಿಯಲ್ಲಿ ನಮಗೊಂದು ಮನೆಯಿದೆ. ಅದನ್ನು ಮಾರಿ, ನಿವೃತ್ತಿಯ ಹಣದಲ್ಲಿ ಸ್ವಲ್ಪ ಸೇರಿಸಿದರೆ ಕೊಕ್ಕಿಲ್ಲದ ಗಿಳಿ ನಮ್ಮದು. ಲೆಕ್ಕ ಹಾಕಿದವನು ಅಳಿಯ. “ನೋಡಿ ಬರುವುದಕ್ಕೆ ದುಡ್ಡಿಲ್ಲವಲ್ಲ” ಎಂದವಳು ನನ್ನ ಶ್ರೀಮತಿ. ಟಿಕೆಟಿಗೆ ದುಡ್ಡಿದೆಯೆಂಬುದನ್ನು ಅವಳು ಮರೆತಿದ್ದಳು.

ಮಾರ್ಚ್ ತಿಂಗಳಿನಲ್ಲಿ ಹೊರಟೆವು. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಅಂದಿನಿಂದ ನಮ್ಮ ಕರಾವಳಿಯವರಿಗೆ ಊರು ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರ. ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದರೆ ಆ ತೇವದ ಗಾಳಿಯೇ ಎದುರುಗೊಳ್ಳುತ್ತದೆ. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಸೇರುವ ಊರು. ಎತ್ತ ತಿರುಗಿದರೂ ನೀರು.

ಮನೆ ತೋರಿಸಬೇಕಾಗಿದ್ದ ದಲ್ಲಾಳಿಯು ಮರುದಿನ ಬರುವುದಾಗಿ ತಿಳಿಸಿದ್ದರಿಂದ ಒಂದು ದಿನ ಮಿಕ್ಕಿತು. ಮಣಿಪಾಲಕ್ಕೆ ಹೋದೆವು. ಅಲ್ಲಿ ಹಸ್ತಶಿಲ್ಪ ಎಂಬ ಹೆಸರಿನ ಪಾರಂಪರಿಕ ಗ್ರಾಮವಿದೆ. ಹಳೆಯ ಮನೆ ಕೊಳ್ಳಬೇಕೆನ್ನುವವರು ಮೊದಲು ಇದನ್ನು ನೋಡುವುದು ಲೇಸು. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಎಂಬವರು ಕಟ್ಟಿದ್ದು. ಅವರು 2017ರಲ್ಲಿ ತೀರಿಕೊಂಡರು. ಕಟ್ಟಿದ್ದು ಎಂದರೆ ತಪ್ಪಾದೀತು. ನಮ್ಮ ಸೀಮೆಯ ದೊಡ್ಡ ಮನೆಗಳನ್ನು ಜನ ಒಂದೊಂದಾಗಿ ಕೆಡವಿ, ಕಂಬ ಬಾಗಿಲುಗಳನ್ನು ಮರದ ಲೆಕ್ಕದಲ್ಲಿ ಮಾರುತ್ತಿದ್ದ ಕಾಲದಲ್ಲಿ, ಈ ಪುಣ್ಯಾತ್ಮರು ಮನೆಗಳನ್ನು ಇಡಿಯಾಗಿ ಪಡೆದು, ಬಿಚ್ಚಿ, ಹೊತ್ತು ತಂದು ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ, ಮುಧೋಳದ ಅರಮನೆಯ ದರ್ಬಾರು ಹಜಾರ, ಎಲ್ಲವೂ ಒಂದೇ ಗುಡ್ಡದಲ್ಲಿ ನೆರೆಹೊರೆಯವರಾಗಿ ನಿಂತಿವೆ. ನೋಡಿದರೆ ಕಣ್ಣು ತಂಪಾಗುತ್ತದೆ. ಆದರೂ ನನ್ನ ಹೆಂಡತಿಗೆ ಒಂದು ಕೊರತೆ ಕಂಡಿತು: “ಒಲೆಯಲ್ಲಿ ಬೂದಿ ಇಲ್ಲ.” ಮ್ಯೂಸಿಯಮ್ಮಿನಲ್ಲಿ ಬೂದಿ ಹುಡುಕುವವಳು ಅವಳೊಬ್ಬಳೇ ಎಂದು ಆಗ ನಕ್ಕೆ. ಮರುದಿನ ನಗಲಿಲ್ಲ.

ಮರುದಿನ ಬೆಳಿಗ್ಗೆ ದಲ್ಲಾಳಿ ತನ್ನ ಕಾರಿನಲ್ಲೇ ಕರೆದೊಯ್ದರು. ಮೂವತ್ತರ ಆಸುಪಾಸಿನ ಚುರುಕು ಯುವಕರು, ಮಾತು ಜೇನು. ದಾರಿಯುದ್ದಕ್ಕೂ ಗೇರುಹಣ್ಣಿನ ವಾಸನೆ. ಹಿಂದೆ ಭತ್ತದ ಗದ್ದೆಗಳಿದ್ದಲ್ಲಿ ಈಗ ಅಡಕೆಯ ಸಸಿಗಳು ಸಾಲಾಗಿ ನಿಂತಿವೆ.

ಹೆಬ್ಬಾಗಿಲು ಬಂತು. ಗಿಳಿಗಳಿಗೆ ವಾರ್ನಿಷ್ ಬಳಿದಿದ್ದಾರೆ. ಕೊಕ್ಕನ್ನು ಮಾತ್ರ, ಅದು ಅವರ ವಿವೇಕ, ಹಾಗೆಯೇ ಬಿಟ್ಟಿದ್ದಾರೆ. ದಲ್ಲಾಳಿ, “ಬನ್ನಿ ಸಾರ್, ಬನ್ನಿ ಅಮ್ಮ” ಎಂದು ಒಳಗೆ ನಡೆದರು. ನನ್ನ ಕಾಲು ಹೊಸಿಲಿನ ಹೊರಗೇ ನಿಂತಿತು. ಹೆಂಡತಿ ತಿರುಗಿ ನೋಡಿ ಏನೂ ಹೇಳದೆ ಕೈ ಹಿಡಿದು ಒಳಕ್ಕೆ ಎಳೆದುಕೊಂಡಳು. ತಲೆ ತಾಗಿತು. ಹಳೆಯ ಬಾಗಿಲುಗಳು ಬಾಗುವವರಿಗೆ ಮಾಡಿದವು. ಬಾಗುವುದನ್ನು ಮರೆತರೆ ತಾವೇ ನೆನಪಿಸುತ್ತವೆ.

ಒಳಗೆ ಅಂಗಳವಿದ್ದಲ್ಲಿ ಈಜುಕೊಳವಿತ್ತು.

ನೀಲಿ ಬಿಲ್ಲೆ ಹಾಸಿದ, ನೀರು ತುಂಬಿದ ಕೊಳ. ಅತಿಥಿಗಳಿಗೆ ಬೇಕಾಗುತ್ತದೆಯಂತೆ. ಮನೆಯ ಈಗಿನ ಯಜಮಾನರು ಬೆಂಗಳೂರಿನವರು. ಹಳೆಯ ಮನೆತನದವರಿಂದ ಕೊಂಡು, ಎರಡು ವರ್ಷ ದುರಸ್ತಿ ಮಾಡಿಸಿ, ಹೋಂಸ್ಟೇ ನಡೆಸಿದರು. ಈಗ ಮಕ್ಕಳಿರುವ ಪರದೇಶಕ್ಕೆ ಹೋಗುವವರಿದ್ದಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಅವರು ಕೊಳ್ಳದಿದ್ದರೆ ಈ ಮನೆಯೂ ಲಾರಿ ಏರುತ್ತಿತ್ತು. ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯದೆ ಸುಣ್ಣದ ಗಾರೆಯನ್ನೇ ಮಾಡಿಸಿದ್ದಾರೆ. ಇದು ಸಣ್ಣ ಮಾತಲ್ಲ. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ; ಸಿಮೆಂಟು ಬಳಿದರೆ ತೇವ ಒಳಗೇ ಕುಳಿತು ಗೋಡೆಯನ್ನೂ ಗೋಡೆಗೆ ತಾಗಿದ ಮರವನ್ನೂ ತಿನ್ನುತ್ತದೆ. ಹಲಸಿನ ಕಂಬಗಳು ನೋಡುವಂತಿವೆ. ಹಲಸಿನ ಮರ ಹೊಸದರಲ್ಲಿ ಅರಿಶಿನದ ಬಣ್ಣ. ವರ್ಷ ಕಳೆದಂತೆ ಕಂದಾಗಿ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಈ ಕಂಬಗಳು ಕಪ್ಪಗಾಗಿವೆ. ಆದ್ದರಿಂದ ವಯಸ್ಸು ಸಾಕಷ್ಟಿದೆ. ಇನ್ನೂರು ವರ್ಷವೆ ಎಂದರೆ, ಅದು ದಲ್ಲಾಳಿಗೂ ದೇವರಿಗೂ ಬಿಟ್ಟದ್ದು. “ಸಾಕ್ಷಿ ಇದೆ ಸಾರ್” ಎಂದು ಅವರು ಒಂದು ಹಂಚನ್ನು ತಂದು ತೋರಿಸಿದರು. ಬಾಸೆಲ್ ಮಿಶನ್ನಿನ ಹಂಚು, ಬೆನ್ನಿನ ಮೇಲೆ 1865 ಎಂದು ಅಚ್ಚೊತ್ತಿದೆ. 1865 ಎಂಬುದು ಮಂಗಳೂರಿನಲ್ಲಿ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ವರ್ಷ. ಆಮೇಲೆ ಬಹಳ ಕಾಲ ಮಾಡಿದ ಹಂಚುಗಳ ಮೇಲೂ ಅದೇ ಅಂಕೆ. ಹೋಟೆಲಿನ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಬರೆದಿದ್ದರೆ ಅಲ್ಲಿಯ ಇಡ್ಲಿಯೂ ಅಂದಿನದೇ ಆಗುತ್ತದೆಯೆ? ಹೀಗೆಂದಾಗ ಅವರು ಸಜ್ಜನಿಕೆಯಿಂದ ನಕ್ಕು ಹಂಚನ್ನು ಮತ್ತೆ ಅದರ ಜಾಗದಲ್ಲಿ ಇಟ್ಟರು.

ಕೊಳದ ದಂಡೆಯಲ್ಲಿ ನಿಂತು ನನ್ನಜ್ಜ ನಿಂತಿದ್ದ ಜಾಗ ಯಾವುದೆಂದು ಅಂದಾಜು ಮಾಡಿದೆ. ನಡು ನೀರಿನಲ್ಲಿ ಬಂತು.

ಗೇಣಿಯ ಕಥೆ ಮುಗಿದದ್ದು 1974ರಲ್ಲಿ. ದೇವರಾಜ ಅರಸರ ಕಾಲದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮ ಕಡೆ ಅದಕ್ಕೆ ಒಕ್ಕಲು ಮಸೂದೆ ಎಂದೇ ಹೆಸರು. ಉಳುವವನು ಡಿಕ್ಲರೇಶನ್ ಕೊಡಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಗದ್ದೆಯನ್ನು ಅವನ ಹೆಸರಿಗೆ ಬರೆಯಬೇಕು. ಕೊಡಲೋ ಬೇಡವೋ ಎಂದು ಅಜ್ಜ ಬಹಳ ದಿನ ತೊಳಲಾಡಿದರಂತೆ. ಉಂಡ ಮನೆ ಎಂಬ ಅಳುಕು ಒಂದು ಕಡೆ. ನಾಲ್ಕು ಮಕ್ಕಳ ಹೊಟ್ಟೆ ಒಂದು ಕಡೆ. ಎಷ್ಟೋ ಒಕ್ಕಲುಗಳು ಆ ಅಳುಕಿನಿಂದಲೇ ಕೊಡಲಿಲ್ಲ, ಕೊಡದೆ ಕಳೆದುಕೊಂಡರು. ಅಜ್ಜ ಕೊಟ್ಟರು. ಒಂದೂಕಾಲು ಎಕರೆ ಗದ್ದೆ ನಮ್ಮದಾಯಿತು. ಅಂದಿನಿಂದ ಅವರು ಆ ಹೆಬ್ಬಾಗಿಲಿನ ಕಡೆ ಹೋಗಲಿಲ್ಲ. ಧಣಿಗಳು ದಾರಿಯಲ್ಲಿ ಎದುರಾದರೆ ಗದ್ದೆಗೆ ಇಳಿದು ನಿಲ್ಲುತ್ತಿದ್ದರು. ಮೊದಲೂ ಹಾಗೆಯೇ ನಿಲ್ಲುತ್ತಿದ್ದರು. ಆಮೇಲೆ ನಿಂತದ್ದು ಮಾತ್ರ ತನ್ನ ಸ್ವಂತ ಗದ್ದೆಯಲ್ಲಿ. ಗೇಣಿಯ ಅಕ್ಕಿ ನಿಂತ ಮೇಲೆ ದೊಡ್ಡ ಮನೆ ಒಳಗಿನಿಂದ ಬರಿದಾಗತೊಡಗಿತು. ಮಕ್ಕಳು ಓದಿ ಬೆಂಗಳೂರಿಗೂ ಮುಂಬಯಿಗೂ ಹೋದರು. ಧಣಿಗಳ ಮೊಮ್ಮಕ್ಕಳಲ್ಲಿ ಒಬ್ಬರು ನಮ್ಮ ಸಂಘದ ಯಕ್ಷಗಾನಕ್ಕೆ ಬರುತ್ತಾರೆ. ಒಂದೇ ಸಾಲಿನಲ್ಲಿ ಕುಳಿತು ನೋಡಿದ್ದೇವೆ, ಚಹದ ಲೋಟ ಒಬ್ಬರಿಗೊಬ್ಬರು ದಾಟಿಸಿದ್ದೇವೆ. ಮನೆಯ ವಿಷಯ ಇಬ್ಬರೂ ಎತ್ತಿಲ್ಲ.

ಜಗಲಿ, ಚಾವಡಿ, ದೇವರ ಕೋಣೆ, ಬಾಣಂತಿ ಕೋಣೆ, ಮೇಲೆ ಉಪ್ಪರಿಗೆ. ಹಟ್ಟಿ ಈಗ ಎರಡು ಅತಿಥಿ ಕೋಣೆಗಳಾಗಿದೆ, ಗೋಡೆಯಲ್ಲಿ ಹವಾನಿಯಂತ್ರಕ. ನಾನು ಗಂಜಿ ಕುಡಿದ ಜಾಗದಲ್ಲಿ ಒಂದು ರಾತ್ರಿಗೆ ಮುಂಬಯಿಯ ಹೋಟೆಲಿನಷ್ಟು ಬಾಡಿಗೆಯಿತ್ತಂತೆ. ಉಗ್ರಾಣವನ್ನು ಪುಟ್ಟ ಮ್ಯೂಸಿಯಮ್ಮು ಮಾಡಿದ್ದಾರೆ. ದೀಪದ ಬೆಳಕಿನಲ್ಲಿ ಒನಕೆ, ಬೀಸುವ ಕಲ್ಲು, ತೊಟ್ಟಿಲು, ಮತ್ತು ಎರಡು ಹಿತ್ತಾಳೆಯ ಸೇರುಗಳು.

“ಜೋಡಿ” ಎಂದರು ದಲ್ಲಾಳಿ.

ನನ್ನಜ್ಜಿ ಹೇಳುತ್ತಿದ್ದ ಒಂದು ಮಾತು ನೆನಪಿಗೆ ಬಂತು. ದೊಡ್ಡ ಮನೆಯಲ್ಲಿ ಎರಡು ಸೇರು ಇದ್ದವು; ಕೊಡುವಾಗ ಒಂದು, ತೆಗೆದುಕೊಳ್ಳುವಾಗ ಇನ್ನೊಂದು. ಅಜ್ಜಿಯ ಕೋಪದ ಮಾತೆಂದು ಮನೆಯಲ್ಲಿ ಯಾರೂ ಗಮನಕೊಟ್ಟಿರಲಿಲ್ಲ. ನಾನು ಸುಮ್ಮನಿರುತ್ತಿದ್ದೆನೋ ಏನೋ. ಅಜ್ಜಿಯ ಕಥೆಗಳನ್ನು ನಲವತ್ತು ವರ್ಷ ನನ್ನ ಬಾಯಿಂದ ಕೇಳಿದ ನನ್ನ ಹೆಂಡತಿ ಎರಡನ್ನೂ ಎತ್ತಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋದಳು. ಅಲ್ಲಿ ಮನೆ ನೋಡಿಕೊಳ್ಳುವ ಮುದುಕಿಯಿದ್ದಳು. ಡಬ್ಬದಿಂದ ಅಕ್ಕಿ ತೆಗೆಸಿ ಒಂದು ಸೇರನ್ನು ಕಂಠಮಟ್ಟ ತುಂಬಿ ಇನ್ನೊಂದಕ್ಕೆ ಸುರಿದಳು. ಮೇಲೆ ಎರಡು ಬೆರಳಿನಷ್ಟು ಖಾಲಿ ಉಳಿಯಿತು.

ದಲ್ಲಾಳಿ ಏನೂ ಅರ್ಥವಾಗದೆ ನೋಡುತ್ತಿದ್ದರು. ಮುದುಕಿಗೆ ಆಶ್ಚರ್ಯವೇ ಇರಲಿಲ್ಲ. “ಕೊಡುದ್ ಒಂದ್, ತಕಂಬುದ್ ಒಂದ್” ಎಂದು ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ಸುರಿದುಕೊಂಡಳು.

ನ್ಯಾಯವಾಗಿ ಹೇಳಬೇಕಾದರೆ, ಹಿಂದೆ ಒಂದೊಂದು ಸೀಮೆಗೆ ಒಂದೊಂದು ಸೇರಿನ ರೂಢಿಯಿತ್ತು. ಒಂದು ಸೇರು ಎಲ್ಲಿಂದಲೋ ಬಂದದ್ದಿರಬಹುದು. ಅದೇ ಮನೆಯಿಂದ ನನ್ನ ತಂದೆ ಹುಟ್ಟಿದಾಗ ಅಜ್ಜಿಗೆ ಬಾಣಂತನಕ್ಕೆಂದು ತುಪ್ಪ ಬಂದಿತ್ತು ಎಂಬುದನ್ನೂ ಅಜ್ಜಿಯೇ ಹೇಳುತ್ತಿದ್ದಳು, ಅದೇ ಉಸಿರಿನಲ್ಲಿ. ಎರಡನ್ನೂ ನಾನು ನಂಬುತ್ತೇನೆ.

ಆ ಮುದುಕಿಯ ಜೊತೆ ಕುಳಿತು ಮಾತಾಡಿದ ಅರ್ಧ ಗಂಟೆ ಇಡೀ ಪ್ರಯಾಣಕ್ಕೆ ಬೆಲೆ ಕಟ್ಟಿತು. ಮೇ ತಿಂಗಳಿನಲ್ಲಿ ಹಂಚು ಕೈಯಾಡಿಸಬೇಕು. ಒಂದು ಹಂಚು ಜಾರಿದ್ದರೂ ಆಷಾಢದ ಮಳೆ ಅದೇ ಕಂಡಿಯಿಂದ ತೊಲೆಯನ್ನು ಹಿಡಿಯುತ್ತದೆ. ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು. ಒರಲೆಯನ್ನು ದಿನವೂ ನೋಡುತ್ತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಲೆ ಉರಿಯಬೇಕು. ಕಟ್ಟಿಗೆಯ ಹೊಗೆ ಅಟ್ಟ ಹತ್ತಿ, ಜಂತೆಗಳಿಗೆ ಕರಿ ಹಿಡಿಸಿ, ಹುಳ ಬಾರದಂತೆ ಕಾಯುತ್ತದೆ. ಇಲ್ಲಿ ಈಗ ಗ್ಯಾಸು. ಅಟ್ಟವನ್ನು ಚೊಕ್ಕಟವಾಗಿ ಉಜ್ಜಿ ವಾರ್ನಿಷ್ ಹಾಕಿದ್ದಾರೆ. ಮುದುಕಿ ಮೂಲೆಯ ಒಂದು ಜಂತೆ ತೋರಿಸಿದಳು. ಕೆಳಗೆ ನೆಲದ ಮೇಲೆ ಸಣ್ಣ ಹಿಟ್ಟಿನ ಗುಪ್ಪೆ. ಹುಳ ಕೆಲಸಕ್ಕೆ ತೊಡಗಿತ್ತು. ನನ್ನ ಹೆಂಡತಿ ಹಿಂದಿನ ದಿನ ಮಣಿಪಾಲದಲ್ಲಿ ಹುಡುಕಿದ ಬೂದಿಯ ಅರ್ಥ ನನಗೆ ಆಗ ಆಯಿತು.

ಹಣದ ಮಾತು ಬಂತು. ಡೊಂಬಿವಲಿಯ ಮನೆಯ ಬೆಲೆಗಿಂತ ಸ್ವಲ್ಪ ಮೇಲೆ. ಅದರ ಮೇಲೆ ವರ್ಷವರ್ಷವೂ ಇಬ್ಬರ ಸಂಬಳ, ಹಂಚಿನವರು, ಬಡಗಿ. ಕಾನೂನಿನ ತೊಡಕು ಇಲ್ಲವೆ ಎಂದು ಕೇಳಿದೆ. ಹಿಂದೆ ಕೃಷಿಕರಲ್ಲದವರು, ಹೊರಗಿನ ವರಮಾನ ಮಿತಿಗಿಂತ ಹೆಚ್ಚಿದ್ದವರು ಕರ್ನಾಟಕದಲ್ಲಿ ಬೇಸಾಯದ ಭೂಮಿ ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಅಡ್ಡವಾಗಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ನಮ್ಮಂಥವರ ಮೊಬೈಲಿಗೆ ಊರಿನ ಮನೆಗಳ ಚಿತ್ರ ಬರತೊಡಗಿದ್ದಕ್ಕೆ ಇದೂ ಒಂದು ಕಾರಣ. ಅಜ್ಜನಿಗೆ ಗದ್ದೆ ಕೊಡಿಸಿದ ಕಾಯಿದೆಯೇ ನಲವತ್ತಾರು ವರ್ಷಗಳ ಮೇಲೆ ತನ್ನ ಬಾಗಿಲನ್ನು ದುಡ್ಡಿದ್ದವರಿಗೆ ತೆರೆಯಿತು. ದುಡ್ಡಿದ್ದವರ ಸಾಲಿನಲ್ಲಿ ಈಗ ಅಜ್ಜನ ಮೊಮ್ಮಗನೂ ನಿಂತಿದ್ದಾನೆ. ಇದಕ್ಕೆ ಅಜ್ಜ ಏನೆನ್ನುತ್ತಿದ್ದರೋ.

ಯೋಚಿಸಿ ತಿಳಿಸುತ್ತೇವೆ ಎಂದು ಹೇಳಿ ಹೊರಟೆವು. ಕಾಲ್ನಡಿಗೆಯಲ್ಲಿ ಹತ್ತು ನಿಮಿಷ ಇಳಿದರೆ ಅಜ್ಜನ ಗದ್ದೆ. ಅಲ್ಲಿ ಚಿಕ್ಕಪ್ಪನ ಮಗ ತಾರಸಿ ಮನೆ ಕಟ್ಟಿಕೊಂಡಿದ್ದಾನೆ. ಗದ್ದೆಯ ಅರ್ಧಕ್ಕೆ ಅಡಕೆ ಇಟ್ಟಿದ್ದಾನೆ. ಉಳಿದರ್ಧದಲ್ಲಿ ಮನೆಗೆ ಬೇಕಾಗುವಷ್ಟು ಭತ್ತ. “ಬನಿ ಬನಿ, ಕೂಕಣಿ” ಎಂದು ಕುರ್ಚಿ ಎಳೆದ. ಊಟವಾಯಿತು. ಎಲ್ಲ ಸಮಾಚಾರ ಮುಗಿದ ಮೇಲೆ, ಮೆಲ್ಲನೆ, ದೊಡ್ಡ ಮನೆ ನೋಡಿ ಬಂದದ್ದನ್ನು ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ.

“ಅಣ್ಣಯ್ಯ, ನೀವ್ ಆ ಮನೆ ತಕಂಡ್ರೆ ನಾ ಬಂದಾಗ ಎಲ್ ಕೂಕಂಬುದ್?”

ತಮಾಷೆಯೆಂದು ನಗಲು ಹೋದೆ. ಅವನು ನಗುತ್ತಿರಲಿಲ್ಲ. ಅವನ ಹೆಂಡತಿಯೂ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದಳು. ಜಗಲಿಯಲ್ಲಿ, ನನ್ನ ಪಕ್ಕದಲ್ಲಿ ಎಂದೆ. ಹೌದೆನ್ನುವಂತೆ ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಮಾರ್ಚಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಇದೆ. ಜಗಲಿಯಲ್ಲಿ ನಾನು ಹೇಗೆ ಕುಳಿತುಕೊಳ್ಳುತ್ತೇನೆಂಬುದು ಕೂಡ ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಒಂದು ಗಂಟೆ ಕಳೆದೂ ನಾನು ಎಲ್ಲಿಯೂ ಕೂತಿರಲಿಲ್ಲ, ಅಡುಗೆಮನೆಯಲ್ಲಿ ಮುದುಕಿಯ ಎದುರಿಗೆ ಹೊರತು. ಹೆಂಡತಿ ಇದನ್ನು ಗಮನಿಸಿ ರೈಲಿನಲ್ಲಿ ಹೇಳಿದಳು.

ಹೊರಡುವಾಗ ತಮ್ಮ ಐದು ಸೇರು ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದ. ಆ ಗದ್ದೆಯ ಅಕ್ಕಿ. ಅಳೆಯಲಿಲ್ಲ, ಅಂದಾಜಿನಲ್ಲಿ ಸುರಿದ. ಐದಕ್ಕಿಂತ ಹೆಚ್ಚೇ ಇತ್ತು. ಅದನ್ನು ಹೆಂಡತಿ ಬರ್ತಿನ ಕೆಳಗೆ ಕಾಲಿಗೆ ತಾಗುವಂತೆ ಇಟ್ಟುಕೊಂಡಿದ್ದಳು. ರತ್ನಾಗಿರಿ ದಾಟಿದ ಮೇಲೆ ದಲ್ಲಾಳಿಯ ಫೋನು ಬಂತು. ಯಜಮಾನರು ಸ್ವಲ್ಪ ಇಳಿಯಲು ಒಪ್ಪಿದ್ದಾರೆ, ಸೇರು, ಒನಕೆ, ತೊಟ್ಟಿಲು ಎಲ್ಲವನ್ನೂ ಮನೆಯ ಜೊತೆಗೇ ಬಿಡುತ್ತಾರೆ ಎಂದರು. “ಸೇರು ಎರಡೂ?” ಎಂದು ಕೇಳಿದೆ. ಅವರೇನೋ ಹೇಳುತ್ತಿರುವಾಗಲೇ ಗಾಡಿ ಕರ್ಬುಡೆಯ ಸುರಂಗಕ್ಕೆ ನುಗ್ಗಿತು. ಆರೂವರೆ ಕಿಲೋಮೀಟರಿನ ಸುರಂಗ, ಫೋನು ಸತ್ತುಹೋಯಿತು.